ಕೋವಿ ಸ್ಟೇಶನಂಗೆ, ಹಂದಿ ಗೆದ್ದೆಯಂಗೆ

ಹಳೆಯ ಜೋಡುನಳಿಗೆ ಕೋವಿಯನ್ನು ಮಡಚಿ, ಒಳಗೆ ತೋಟೆ ಇಲ್ಲವೆಂದು ಎರಡೆರಡು ಸಲ ನೋಡಿಕೊಂಡು, ನಳಿಗೆಯನ್ನು ಆಕಾಶಕ್ಕೆ ಹಿಡಿದು ಒಂದು ಕಣ್ಣು ಮುಚ್ಚಬೇಕು. ಒಳ್ಳೆಯ ನಳಿಗೆಯಾದರೆ ಬೆಳಕಿನ ಬಳೆಗಳು ಒಂದರೊಳಗೊಂದು ಜೋಡಿಸಿಟ್ಟಂತೆ ತುದಿಯವರೆಗೂ ಕಾಣುತ್ತವೆ. ಬಳೆ ಎಲ್ಲಿ ಮುರಿಯಿತೋ ಅಲ್ಲಿ ತುಕ್ಕು. 2024ರ ಜೂನ್‌ನಲ್ಲಿ ಅಮಾಸೆಬೈಲಿನ ಮನೆಯೊಂದರ ಜಗಲಿಯಲ್ಲಿ ನಾನು ಹೀಗೆ ಹಿಡಿದ ಕೋವಿ ಬೆಲ್ಜಿಯಂನದ್ದು, ಹನ್ನೆರಡು ಬೋರಿನದ್ದು, ಯಜಮಾನರ ಅಜ್ಜನ ಕಾಲದ್ದು. ಬಲನಳಿಗೆಯಲ್ಲಿ ಮೂರು ಕಡೆ ಬಳೆ ಮುರಿದಿತ್ತು. ಚುನಾವಣೆಗೆಂದು ಠಾಣೆಗೆ ಹೋಗಿದ್ದು ಆಗಷ್ಟೇ ಮರಳಿತ್ತು. ಯಾವ ಠಾಣೆ ಎಂದು ಬರೆಯುವುದಿಲ್ಲ. ತೇವದ ಗೋಡೆಗೆ ಒರಗಿಸಿಟ್ಟರೆ ಕಬ್ಬಿಣ ಎಲ್ಲಿದ್ದರೂ ಹೀಗೇ ಆಗುತ್ತದೆ.

ಲೆಕ್ಕ ನೋಡಿ. ಆ ವರ್ಷ ಲೋಕಸಭೆ ಚುನಾವಣೆ ಘೋಷಣೆಯಾದದ್ದು ಮಾರ್ಚ್ 16ಕ್ಕೆ. ಉಡುಪಿ-ಚಿಕ್ಕಮಗಳೂರು ಕ್ಷೇತ್ರದಲ್ಲಿ ನಾವು ಮತ ಹಾಕಿದ್ದು ಏಪ್ರಿಲ್ 26ಕ್ಕೆ. ಫಲಿತಾಂಶ ಜೂನ್ 4ಕ್ಕೆ. ಬೆರಳಿನ ಶಾಯಿ ಮಾಸಿ ಹೋದ ಮೇಲೂ ತಿಂಗಳಿಗೂ ಹೆಚ್ಚು ಕಾಲ ಕೋವಿ ಅಲ್ಲೇ ಇತ್ತು. ಮಂಗಗಳಿಗೆ ಇದ್ಯಾವುದೂ ತಿಳಿಯದು ಎನ್ನಬೇಡಿ. ನಾಲ್ಕು ದಿನ ಈಡಿನ ಶಬ್ದ ಕೇಳದಿದ್ದರೆ ಐದನೆಯ ದಿನ ಹಿಂಡು ತೋಟಕ್ಕೆ ಇಳಿದು, ಬೊಂಡ ಕಿತ್ತು, ಅರ್ಧ ಕುಡಿದು ಎಸೆದಿರುತ್ತದೆ. ಅದೇ ಜಗಲಿಯಲ್ಲಿ ಯಜಮಾನರು ಹೇಳಿದ್ದು: “ಹ್ವಾಯ್, ಕೋವಿ ಸ್ಟೇಶನಂಗಿತ್ತ್, ಹಂದಿ ಗೆದ್ದೆಯಂಗಿತ್ತ್. ನಾನ್ ಎಂತ ಮಾಡ್ಕ್ ಹೇಳಿ?”

ಅಮಾಸೆಬೈಲು, ಮಚ್ಚಟ್ಟು, ರಟ್ಟಾಡಿ ಸೇರಿದ ಈ ಪಂಚಾಯತಿ ಘಟ್ಟದ ಬುಡದಲ್ಲಿದೆ. ಹಿತ್ತಿಲು ಎಲ್ಲಿ ಮುಗಿಯಿತು, ಕಾಡು ಎಲ್ಲಿ ಶುರುವಾಯಿತು ಎಂದು ತೋರಿಸಲು ಸರ್ವೆಯವನೇ ಬರಬೇಕು. ಕಾರ್ತಿ ಪೈರು ಹಾಲುಗಟ್ಟಿದಾಗ ಹಂದಿ, ಅಡಿಕೆ ಹಿಂಗಾರಕ್ಕೆ ಮಂಗ, ಬಿತ್ತಿದ ಬೀಜಕ್ಕೆ ನವಿಲು, ಈಚೆಗೆ ಹಗಲಲ್ಲೇ ಕಾಟಿ. ಇಲ್ಲಿ ಕೋವಿಯ ಕೆಲಸ ನೂರಕ್ಕೆ ತೊಂಬತ್ತು ಪಾಲು ಸದ್ದು ಮಾಡುವುದು. ನಾಲ್ಕನೇ ನಂಬರಿನ ಚರೆಯ ತೋಟೆಯೊಂದನ್ನು ಬಾನಿಗೆ ಹಾರಿಸಿದರೆ ಒಂದು ವಾರದ ನೆಮ್ಮದಿ. ಗರ್ನಾಲಿಗೆ ಮಂಗ ಹೆದರುವುದು ಮೊದಲ ಎರಡು ದಿನ. ಪಿವಿಸಿ ಪೈಪಿಗೆ ಕಾರ್ಬೈಡ್ ಹಾಕಿ ಢಂ ಎನಿಸುವ ಹೊಸ ಸಾಧನವನ್ನೂ ಕಂಡಿದ್ದೇನೆ. ಅದನ್ನು ಕೋವಿ ಎಂದು ಕರೆಯಲು ನನ್ನ ನಾಲಿಗೆ ಒಪ್ಪುವುದಿಲ್ಲ, ಕಣ್ಣಿಗೂ ಅಪಾಯ.

ಕಾನೂನು ಬರೆದವರಿಗೆ ರೈತ ನೆನಪಿಗೆ ಬಂದಿರಲಿಲ್ಲ ಎಂದೇನಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ ಬೆಳೆ ರಕ್ಷಣೆಯ ಹೆಸರೇ ಇದೆ. ನಿಜವಾಗಿ ಬೆಳೆ ಕಾಯಲು ಬೇಕೆಂದವನಿಗೆ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡಬೇಕು, ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯನಳಿಗೆಯ ಕೋವಿಗೂ ಕೊಡಬಹುದು ಎನ್ನುತ್ತದೆ. ಕಾಯ್ದೆಯ ಭಾಷೆಯಲ್ಲಿ ಇಷ್ಟು ಹದವಾದ ಮಾತು ಅಪರೂಪ. ಆದರೆ ಅದನ್ನು ಬರೆದವರು ಆಷಾಢದ ಮಳೆಯಲ್ಲಿ ಕೇಪಿನ ಕೋವಿ ತುಂಬಿರಲಿಕ್ಕಿಲ್ಲ. ಮದ್ದು ಅಳೆದು ಸುರಿಯಬೇಕು, ತೆಂಗಿನ ನಾರು ತುರುಕಿ ಗಜದಿಂದ ಜಡಿಯಬೇಕು, ಚರೆ ಹಾಕಿ ಮತ್ತೆ ನಾರು, ಮತ್ತೆ ಗಜ, ಕೊನೆಗೆ ಕೇಪು. ಇಷ್ಟಾಗಿ ಕುದುರೆ ಎಳೆದರೆ ‘ಟಕ್’ ಎಂದು ಸುಮ್ಮನಾಗುತ್ತದೆ. ಮದ್ದಿಗೆ ಶೀತ. ಎದುರಿಗಿದ್ದ ಹಂದಿ ತಲೆ ಎತ್ತಿ ನೋಡಿ ಮತ್ತೆ ಊಟಕ್ಕೆ ತೊಡಗಿರುತ್ತದೆ. ತೋಟೆಯೂ ಹಿಂದೆ ಕಾಗದದ್ದೇ ಇತ್ತು. ಮಳೆಗಾಲಕ್ಕೆ ಊದಿಕೊಂಡು ನಳಿಗೆಗೆ ಹೋಗುತ್ತಿರಲಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಅಡಿಕೆಯ ಜತೆ ತೋಟೆಯನ್ನೂ ಬೆಚ್ಚಗಿಡುತ್ತಿದ್ದ ಮನೆಗಳಿದ್ದವು. ದಯವಿಟ್ಟು ಯಾರೂ ಅನುಕರಿಸಬೇಡಿ.

ನನ್ನಂಥ ಕೋವಿಮರುಳರಿಗೆ ಇನ್ನೊಂದು ಕೊರಗಿದೆ. 1980ರ ದಶಕದಲ್ಲಿ ವಿದೇಶಿ ಕೋವಿಯ ಖಾಸಗಿ ಆಮದು ನಿಂತ ಮೇಲೆ ಮನೆಯಲ್ಲಿರುವ ಹಳೆಯ ಬೆಲ್ಜಿಯಂ, ಬರ್ಮಿಂಗ್‌ಹ್ಯಾಮ್ ಕೋವಿಗಳಿಗೆ ಬದಲಿ ಇಲ್ಲ. ಕೈಗೆ ತೂಗುವ ರೀತಿ, ಹೆಗಲಿಗೆ ಏರಿದೊಡನೆ ಕಣ್ಣಿಗೆ ಸರಿಯಾಗಿ ಬಂದು ಕೂರುವ ಗುಣ ಹೊಸ ಸರ್ಕಾರಿ ಕಾರ್ಖಾನೆಯ ಕೋವಿಯಲ್ಲಿ ನನಗೆ ಸಿಕ್ಕಿಲ್ಲ, ಗಟ್ಟಿತನ ಮಾತ್ರ ಧಾರಾಳವಾಗಿ ಸಿಕ್ಕಿದೆ. 2019ರ ಡಿಸೆಂಬರ್ ತಿದ್ದುಪಡಿ ಒಬ್ಬರಿಗೆ ಮೂರು ಕೋವಿ ಎಂದಿದ್ದನ್ನು ಎರಡಕ್ಕಿಳಿಸಿತು, ಪರವಾನಗಿಯ ಅವಧಿಯನ್ನು ಮೂರರಿಂದ ಐದು ವರ್ಷಕ್ಕೇರಿಸಿತು. ಇಲ್ಲಿನ ರೈತನಿಗೆ ಮೊದಲನೆಯದರಿಂದ ನಷ್ಟವಿಲ್ಲ, ಎರಡನೆಯದರಿಂದ ಉಪಕಾರವೇ ಆಯಿತು. ತಕರಾರು ಬೇರೆಡೆ ಇದೆ. ಅಪ್ಪ ತೀರಿಕೊಂಡರೆ ಕೋವಿ ಏನಾಗಬೇಕು? 2016ರ ನಿಯಮದಲ್ಲಿ ವಾರಸುದಾರರಿಗೆ ವರ್ಗಾವಣೆಗೆ ದಾರಿಯಿದೆ. ಪರವಾನಗಿದಾರರು ಬದುಕಿದ್ದಾಗಲೇ, ಎಪ್ಪತ್ತು ದಾಟಿದ್ದರೆ, ಮಗನಿಗೋ ಮಗಳಿಗೋ ವರ್ಗಾಯಿಸಲು ಅರ್ಜಿ ಹಾಕಬಹುದು. ಆದರೆ ಮಗನ ಆಧಾರ್ ವಿಳಾಸ ಬೆಂಗಳೂರಿನದ್ದು, ತೋಟ ಮಚ್ಚಟ್ಟಿನದ್ದು. ತರಬೇತಿಯ ಪ್ರಮಾಣಪತ್ರ ಬೇಕು, ಪೊಲೀಸ್ ವರದಿ ಬೇಕು, ಆನ್‌ಲೈನ್‌ನಲ್ಲಿ ಯುಐಎನ್ ನಂಬರು ಬೇಕು. ಓಡಾಡಿ ಸಾಕಾಗಿ ಕೋವಿಯನ್ನು ಬಿಟ್ಟೇ ಬಿಟ್ಟವರನ್ನು ನಾನು ಬಲ್ಲೆ.

ಘಟ್ಟದಾಚೆಯ ಕೊಡಗನ್ನು ನೋಡಿ ಕರುಬುವವರಿದ್ದಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿದಿದೆ. ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜಿಸುವವರ ಸಂಪ್ರದಾಯ ಅದು. ನಮ್ಮವರು ಕೇಳುತ್ತಿರುವುದು ಅಂಥ ವಿನಾಯಿತಿಯನ್ನಲ್ಲ.

ಇನ್ನು ನಮ್ಮ ಮೇಲಿನ ಅನುಮಾನದ ಮಾತು. ಈ ಕಾಡಿನಲ್ಲಿ ಬೇರೆ ಕೋವಿಗಳೂ, ನಕ್ಸಲರ ಕೋವಿಗಳು, ಓಡಾಡಿವೆ. 2005ರ ಜೂನ್‌ನಲ್ಲಿ ದೇವರಬಾಳುವಿನಲ್ಲಿ ಎನ್‌ಕೌಂಟರ್ ಆಯಿತು. 2024ರ ನವೆಂಬರ್‌ನಲ್ಲಿ ಹೆಬ್ರಿಯ ಕಬ್ಬಿನಾಲೆಯಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಸತ್ತರು. 2025ರ ಫೆಬ್ರವರಿಯಲ್ಲಿ ಮಚ್ಚಟ್ಟು ಗ್ರಾಮದ ತೊಂಬಟ್ಟಿನವರೇ ಆದ ಲಕ್ಷ್ಮಿ ಉಡುಪಿಯಲ್ಲಿ ಶರಣಾದರು. ಇಂಥ ಊರಿನಲ್ಲಿ ಪೊಲೀಸರು ಪ್ರತಿ ನಳಿಗೆಯನ್ನೂ ಎಣಿಸಿದರೆ ತಪ್ಪಲ್ಲ. ಪರವಾನಗಿಯೇ ಇಲ್ಲದ ನಾಡಕೋವಿ ಹಿಡಿದು, ತಲೆಗೆ ಬ್ಯಾಟರಿ ಕಟ್ಟಿ, ರಾತ್ರಿ ಮಿಕಕ್ಕೆ ಹೋಗುವವರನ್ನು ಹಿಡಿದು ಒಳಗೆ ಹಾಕಿದರೆ ನಾನೇ ಚಪ್ಪಾಳೆ ತಟ್ಟುತ್ತೇನೆ. ಬೆಳೆ ರಕ್ಷಣೆಯ ಪರವಾನಗಿ ಇದ್ದ ಮಾತ್ರಕ್ಕೆ ಹಂದಿ ಹೊಡೆಯಬಹುದು ಎಂದುಕೊಂಡವರೂ ತಿಳಿದಿರಲಿ. 1972ರ ವನ್ಯಜೀವಿ ಕಾಯ್ದೆ ಬೇರೆಯೇ ಇದೆ, ಅರಣ್ಯ ಇಲಾಖೆಯ ಅಪ್ಪಣೆ ಇಲ್ಲದೆ ಹೊಡೆದರೆ ಅಪರಾಧ. ಕೇರಳದಲ್ಲಿ 2022ರಿಂದ ಆ ಅಪ್ಪಣೆಯ ಅಧಿಕಾರ ಪಂಚಾಯತ್ ಅಧ್ಯಕ್ಷರ ತನಕ ಇಳಿದಿದೆ.

ನನ್ನ ಆಕ್ಷೇಪ ಒಂದೇ. ಚುನಾವಣೆ ಬಂದಾಗ ಎಲ್ಲ ಕೋವಿಯನ್ನೂ ಒಂದೇ ಹಗ್ಗದಲ್ಲಿ ಕಟ್ಟುವ ಸುಲಭದ ಕೆಲಸ ನಿಲ್ಲಬೇಕು. ಚುನಾವಣಾ ಆಯೋಗದ ಸೂಚನೆಯೇ ಹಾಗಿಲ್ಲ. ಜಾಮೀನಿನ ಮೇಲಿರುವವರು, ಅಪರಾಧದ ಹಿನ್ನೆಲೆಯವರು, ಗಲಭೆಯಲ್ಲಿ ಸಿಕ್ಕವರು ಇಂಥವರ ಪರವಾನಗಿಯನ್ನು ಪರಿಶೀಲನಾ ಸಮಿತಿ ನೋಡಿ ತೀರ್ಮಾನಿಸಬೇಕು ಎಂದಿದೆ. ಪಕ್ಕದ ದಕ್ಷಿಣ ಕನ್ನಡದ ಕೃಷಿಕರು ಇದೇ ವಿಷಯಕ್ಕೆ ಹೈಕೋರ್ಟ್ ಮೆಟ್ಟಿಲು ಹತ್ತಿದ್ದೂ ಉಂಟು. ಕೋವಿ ಒಯ್ದ ಮೇಲೆ ತೋಟ ಕಾಯಲು ಏನು ಬರುತ್ತದೆ ಎನ್ನುವುದನ್ನೂ ಸಮಿತಿಯವರು ಬಂದು ನೋಡಲಿ. ಬೈಕಿನ ಕ್ಲಚ್ ತಂತಿಯ ಉರುಳು ಬರುತ್ತದೆ, ಹಂದಿಗೆಂದು ಇಟ್ಟದ್ದರಲ್ಲಿ ಚಿರತೆ ಸಿಕ್ಕಿ ನರಳುತ್ತದೆ. ಮನೆಯ ಲೈನಿನಿಂದ ನೇರ ಎಳೆದ ಕರೆಂಟಿನ ಬೇಲಿ ಬರುತ್ತದೆ, ಬೆಳಗ್ಗೆ ಹುಲ್ಲಿಗೆ ಹೋದವರು ಮನೆಗೆ ಬರುವುದಿಲ್ಲ.

ಮುಂದಿನ ಚುನಾವಣೆಗೆ ಮೊದಲು ಓದುಗರಲ್ಲಿ ಕೋವಿ ಇದ್ದವರು ಹೀಗೆ ಮಾಡಿ. ಘೋಷಣೆಯಾದೊಡನೆ ಪಹಣಿಯ ಪ್ರತಿ, ಪರವಾನಗಿಯ ಪ್ರತಿ, ಬೆಳೆನಷ್ಟಕ್ಕೆ ಅರಣ್ಯ ಇಲಾಖೆಗೆ ಹಿಂದೆ ಕೊಟ್ಟ ಅರ್ಜಿಯ ಪ್ರತಿ ಸೇರಿಸಿ ವಿನಾಯಿತಿ ಕೇಳಿ ಬರೆಯಿರಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಕೊಡಲೇಬೇಕಾಗಿ ಬಂದರೆ ನಳಿಗೆಯ ಒಳಗೂ ಹೊರಗೂ ಹೊಲಿಗೆ ಯಂತ್ರದ ಎಣ್ಣೆ ಸವರಿ. ಹತ್ತಿಬಟ್ಟೆ ಸುತ್ತಬೇಡಿ, ಅದು ತೇವ ಹೀರಿ ಹಿಡಿದುಕೊಳ್ಳುತ್ತದೆ. ಕೋವಿಯ ನಂಬರು, ಹಿಡಿಕೆಯ ಗೀರು, ನಳಿಗೆಯ ಸ್ಥಿತಿ ಎಲ್ಲವನ್ನೂ ರಸೀದಿಯಲ್ಲಿ ಬರೆಸಿಕೊಳ್ಳಿ. ಆ ಬೆಲ್ಜಿಯಂ ಕೋವಿಯ ರಸೀದಿಯಲ್ಲಿ ಇದ್ದದ್ದು ಎರಡೇ ಪದ: ‘ಕೋವಿ, ಒಂದು’.