‘ಕೊಂದುಹಾಕು’ ಮತ್ತು ‘ಮಾರೂನ್ ಟಾಕಣೆ’: ಮೂಲದ ಪ್ರಶ್ನೆ

ಸೊಲ್ಲಾಪುರ, ಅಕ್ಕಲಕೋಟೆಗಳ ದ್ವಿಭಾಷಿಕರಿಗೆ ಕನ್ನಡದ ‘ಕೊಂದುಹಾಕು’, ಮರಾಠಿಯ ‘ಮಾರೂನ್ ಟಾಕಣೆ’ ಒಂದೇ ಅಚ್ಚಿನ ಕ್ರಿಯಾಪದಗಳು. ಎರಡರಲ್ಲೂ ಪೂರ್ವಪದ ಕೃದಂತಾವ್ಯಯ. ಉತ್ತರಪದವು ‘ಹಾಕುವ’ ಸ್ವಾರ್ಥವನ್ನು ತೊರೆದು ಕ್ರಿಯೆಯ ಪೂರ್ಣತೆಯನ್ನು ಸೂಚಿಸುತ್ತದೆ. ಈ ಸಾಮ್ಯವೇ ಮರಾಠಿ ರೂಪದ ಕನ್ನಡ ಮೂಲಕ್ಕೆ ಪ್ರಮಾಣವೆಂಬ ವಾದ ಆಕರ್ಷಕವಾದುದು. ಮರಾಠಿಯ ತಳದಲ್ಲಿ ದ್ರಾವಿಡ ಪ್ರಭಾವವಿದೆಯೆಂದು ಫ್ರಾಂಕ್ಲಿನ್ ಸೌತ್‌ವರ್ತ್ 1971ರಲ್ಲಿ ಪ್ರತಿಪಾದಿಸಿದ್ದು ಅದಕ್ಕೆ ಬಲ ನೀಡುತ್ತದೆ.

ಆದರೆ ಹಿಂದಿಯ ‘ಮಾರ್ ಡಾಲ್‌ನಾ’, ಬಂಗಾಳಿಯ ‘ಮೇರೆ ಫೇಲಾ’ಗಳೂ ಇದೇ ಬಗೆಯವು, ಅಲ್ಲಿ ಕನ್ನಡದ ನೆರೆಯಿಲ್ಲ. ಇಂತಹ ಸಂಯುಕ್ತ ಕ್ರಿಯೆಗಳ ವ್ಯಾಪ್ತಿಯನ್ನು ಕಾಲಿನ್ ಮಸಿಕಾ 1976ರಲ್ಲಿ ಮಧ್ಯ ಏಷ್ಯಾದವರೆಗೆ ಗುರುತಿಸಿದರು. ಸಾಂಗಲಿ ಜಿಲ್ಲೆಯ ಕುಪವಾರದಲ್ಲಿ ಗಂಪರ್ಜ್ ಮತ್ತು ವಿಲ್ಸನ್ ಕಂಡುದು ಇನ್ನೊಂದು ಸಾಧ್ಯತೆ: ಪದಗಳು ಬೇರೆಯಾಗಿಯೇ ಉಳಿದು, ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಪರಸ್ಪರ ಸಮೀಪಿಸಿತ್ತು. ಇಂತಹ ಒಡನಾಟದಲ್ಲಿ ರೂಪಸಾಮ್ಯ ಒಂದರಿಂದಲೇ ಕೊಟ್ಟವರಾರು, ಕೊಂಡವರಾರು ಎಂಬುದು ನಿರ್ಣಯವಾಗದು.

1967ರ ಮಹಾಜನ ವರದಿ ಅಕ್ಕಲಕೋಟೆಯನ್ನು ಕರ್ನಾಟಕಕ್ಕೆ ಶಿಫಾರಸು ಮಾಡಿತ್ತು. ಇಂತಹ ನೆಲದಲ್ಲಿ ವ್ಯುತ್ಪತ್ತಿಯೂ ಸುಲಭವಾಗಿ ಗಡಿವಾದದ ಸಾಕ್ಷಿಯಾಗಿಬಿಡುತ್ತದೆ. ಕನ್ನಡದ ಹಕ್ಕಿಗೆ ಇಲ್ಲಿ ಇಂದು ಆಡುವ, ಓದುವ ಜನರೇ ಸಾಕು. ಅದಕ್ಕೆ ಕ್ರಿಯಾಪದದ ವಂಶಾವಳಿ ಬೇಕಿಲ್ಲ. ವಂಶಾವಳಿಯನ್ನು ಹೇಳಲೇಬೇಕಾದರೆ ಹಳಗನ್ನಡ ಶಾಸನ, ಸೊನ್ನಲಿಗೆಯ ಸಿದ್ಧರಾಮನ ವಚನ, ಜ್ಞಾನೇಶ್ವರಿಗಳಲ್ಲಿ ಪ್ರಯೋಗಗಳ ಕಾಲಾನುಕ್ರಮವನ್ನು ತೋರಿಸಬೇಕು. ಆಗ ಮಾತ್ರ ವಾದವು ಶಾಸ್ತ್ರವೆನಿಸೀತು.