ಕರ್ಣಪರ್ವದಲ್ಲಿ ಕರ್ಣನ ಮೌನ

ಭಾರತದ ಪಾತ್ರಗಳಲ್ಲಿ ಕರ್ಣನಷ್ಟು ನಮ್ಮ ಮರುಕವನ್ನು ಗಳಿಸಿದವನು ಮತ್ತೊಬ್ಬನಿಲ್ಲ. ಕ್ರಿ.ಶ. ೯೪೧ರಲ್ಲಿ ವಿಕ್ರಮಾರ್ಜುನ ವಿಜಯವನ್ನು ರಚಿಸಿದ ಪಂಪನು ಅರ್ಜುನನನ್ನು ನಾಯಕನನ್ನಾಗಿ ಮಾಡಿಕೊಂಡೂ ಕರ್ಣನಿಗೆ ಮನಸೋತನು. ಮರಾಠಿಯಲ್ಲಿ ಆಜರೆಯ ಶಿವಾಜಿ ಸಾವಂತರು ೧೯೬೭ರಲ್ಲಿ ‘ಮೃತ್ಯುಂಜಯ’ವನ್ನೂ, ತಾಮ್ರಪರ್ಣಿಯ ದಂಡೆಯ ಕೋವಾಡದಲ್ಲಿ ಹುಟ್ಟಿದ ರಣಜಿತ ದೇಸಾಯಿಯವರು ೧೯೭೩ರಲ್ಲಿ ‘ರಾಧೇಯ’ವನ್ನೂ ಪ್ರಕಟಿಸಿದರು. ಇಬ್ಬರೂ ನಮ್ಮ ಕೊಲ್ಲಾಪುರ ಜಿಲ್ಲೆಯವರೇ. ಎರಡು ನುಡಿಗಳ ನಡುವೆ ಬಾಳುವ ನಮಗೆ ಕರ್ಣನು ಎರಡೂ ಕಡೆಯ ನೆಂಟ. ಆದರೆ ಮರುಕ ಹೆಚ್ಚಿದಷ್ಟೂ ಆತನ ತಪ್ಪುಗಳು ಮರೆಯಾಗುತ್ತವೆ. ತಪ್ಪುಗಳು ಮರೆಯಾದರೆ ಆತನ ಬೆಳವಣಿಗೆಯೂ ಮರೆಯಾಗುತ್ತದೆ ಎಂಬುದು ನಮ್ಮ ವಾದ.

ವ್ಯಾಸಭಾರತದ ಸಭಾಪರ್ವವನ್ನು ನೋಡೋಣ. ದ್ರೌಪದಿಯ ಪರವಾಗಿ ವಿಕರ್ಣನು ಎದ್ದು ನಿಂತಾಗ, ಅವನ ಬಾಯಿ ಮುಚ್ಚಿಸಿದವನು ಕರ್ಣ. ಆಕೆಯ ವಸ್ತ್ರವನ್ನು ಸೆಳೆಯಹೇಳಿದವನೂ ಕರ್ಣನೇ. ಕುಲದ ಹೆಸರಿನಲ್ಲಿ ತಾನುಂಡ ಅವಮಾನದ ನೋವನ್ನು ಬಲ್ಲವನು, ಇನ್ನೊಬ್ಬರ ಅವಮಾನಕ್ಕೆ ನಾಲಿಗೆಯಾದನು.

ಉದ್ಯೋಗಪರ್ವದಲ್ಲಿ ಮೊದಲ ಬದಲಾವಣೆಯನ್ನು ಕಾಣುತ್ತೇವೆ. ಕೃಷ್ಣನು ಜನ್ಮರಹಸ್ಯವನ್ನು ತಿಳಿಸಿದಾಗ ಕರ್ಣನು ರಾಜ್ಯವನ್ನು ಒಲ್ಲೆನೆನ್ನುವುದನ್ನು ಎಲ್ಲರೂ ಕೊಂಡಾಡುತ್ತಾರೆ. ಅದೇ ಮಾತುಕತೆಯಲ್ಲಿ, ದುರ್ಯೋಧನನ ಪ್ರೀತಿಗಾಗಿ ಪಾಂಡವರಿಗೆ ಕಟುವಾಗಿ ನುಡಿದುದಕ್ಕೆ ತಾನು ಬೇಯುತ್ತಿರುವೆನೆಂದೂ ಅವನು ಒಪ್ಪಿಕೊಳ್ಳುತ್ತಾನೆ. ಇದನ್ನು ಗಮನಿಸುವವರು ವಿರಳ. ಹಾಗೆಂದು ಅವನ ನಡೆ ಅಲ್ಲಿಂದ ನೇರವಾಗಿ ಮೇಲೇರುವುದಿಲ್ಲ. ದ್ರೋಣಪರ್ವದಲ್ಲಿ ಅಭಿಮನ್ಯುವನ್ನು ಮುತ್ತಿದವರೊಳಗೆ ಅವನೂ ಇದ್ದಾನೆ. ಕರ್ಣಪರ್ವದಲ್ಲಿ ನಕುಲ, ಯುಧಿಷ್ಠಿರರು ಕೈಗೆ ಸಿಕ್ಕರೂ ಕುಂತಿಗಿತ್ತ ಭಾಷೆಯಂತೆ ಕೊಲ್ಲದೆ ಬಿಡುತ್ತಾನೆ. ಆದರೆ ಹಂಗಿಸದೆ ಬಿಡುವುದಿಲ್ಲ. ಕೈ ಪಳಗಿತ್ತು, ನಾಲಿಗೆ ಇನ್ನೂ ಪಳಗಿರಲಿಲ್ಲ.

ಕಡೆಗೆ ರಥದ ಗಾಲಿ ನೆಲದಲ್ಲಿ ಹೂಳುತ್ತದೆ. ಧರ್ಮವನ್ನು ನೆನೆದು ತಡೆಯೆಂದು ಕರ್ಣನು ಅರ್ಜುನನನ್ನು ಬೇಡುತ್ತಾನೆ. ಅಂದು ಸಭೆಯಲ್ಲಿ ನಿನ್ನ ಧರ್ಮವೆಲ್ಲಿ ಹೋಗಿತ್ತೆಂದು ಕೃಷ್ಣನು ಒಂದೊಂದೇ ಅಪರಾಧವನ್ನೆತ್ತಿ ಕೇಳುತ್ತಾನೆ. ಕರ್ಣನು ನಾಚಿ ತಲೆಬಾಗಿಸುತ್ತಾನೆ; ಏನೂ ಉತ್ತರಿಸುವುದಿಲ್ಲ. ತುಂಬಿದ ಸಭೆಯಲ್ಲಿ ಮಾತಿಗೆ ತಡೆಯಿಲ್ಲದವನು ರಣರಂಗದಲ್ಲಿ ಮಾತಿಲ್ಲದವನಾದನು. ಹುಟ್ಟು, ಶಾಪ, ವಿಧಿ ಎಂದು ಹೇಳಿಕೊಳ್ಳಲು ನೆವಗಳು ಬೇಕಾದಷ್ಟಿದ್ದವು. ಒಂದನ್ನೂ ಹೇಳಲಿಲ್ಲ. ಮತ್ತೆ ಬಿಲ್ಲನ್ನೆತ್ತಿ ಕಾದಿ ಮಡಿದನು. ನಮ್ಮ ಅಭಿಪ್ರಾಯದಲ್ಲಿ ಆತನ ಪಾತ್ರವಿಕಾಸದ ಶಿಖರವು ದಾನವಲ್ಲ, ಈ ಮೌನ.

ಕನ್ನಡ ಕವಿಗಳು ಈ ಸನ್ನಿವೇಶದ ಭಾರವನ್ನು ಬೇರೆಡೆಗೆ ಸಾಗಿಸಿದ್ದಾರೆ. ಕುಮಾರವ್ಯಾಸನಲ್ಲಿ ಅರ್ಜುನನ ಹೃದಯವೇ ಕರಗಿ, ಈ ಕರ್ಣನು ಯಾರೆಂದು ಅವನು ಕೃಷ್ಣನನ್ನು ಕೇಳುತ್ತಾನೆ. ಇದರ ರಸ ದೊಡ್ಡದು; ಆದರೆ ಕರಗುವವನು ಕೊಲ್ಲುವವನಾದುದರಿಂದ ಓದುಗನ ಕಣ್ಣು ಕರ್ಣನ ಒಳಗನ್ನು ಬಿಟ್ಟು ಅತ್ತ ಹೊರಳುತ್ತದೆ. ಸಾವಂತರು ತಮ್ಮ ಕಾದಂಬರಿಯಲ್ಲಿ ಮತ್ತೆ ಮತ್ತೆ ಕರ್ಣನಿಂದಲೇ ಕಥೆ ಹೇಳಿಸಿ, ಕೊನೆಯ ಭಾಗವನ್ನು ಕೃಷ್ಣನ ಬಾಯಲ್ಲಿಟ್ಟರು. ತನ್ನ ಕಥೆಯನ್ನು ಮುಗಿಸುವ ಮಾತು ಅಲ್ಲಿಯೂ ಕರ್ಣನದಲ್ಲ.

ಉಪಾಧ್ಯಾಯರಾದ ನಮಗೆ ಇದು ಬರಿಯ ಪಂಡಿತಚರ್ಚೆಯಲ್ಲ. ತರಗತಿಯಲ್ಲಿ ದಾನಶೂರನನ್ನಷ್ಟೇ ವರ್ಣಿಸಿ ಸಭಾಪರ್ವವನ್ನು ಹಾರಿಸಿ ಮುಂದೆ ಹೋಗುವುದು ಸುಲಭ. ನಾವೂ ಹಾಗೆ ಮಾಡಿದ್ದುಂಟು. ಆಗ ಮಕ್ಕಳಿಗೆ ಸಿಗುವುದು ಅಳಲು ಒಬ್ಬ ವೀರ ಮಾತ್ರ. ತಪ್ಪಿದವನು ತನ್ನ ತಪ್ಪಿನ ಮುಂದೆ ನೆವ ಹೇಳದೆ ನಿಲ್ಲಬಲ್ಲನೆಂಬ ಪಾಠವು ಅವರಿಗೆ ತಪ್ಪಿಹೋಗುತ್ತದೆ. ಕರ್ಣನನ್ನು ಪ್ರೀತಿಸುವವರು ಆತನ ತಲೆಬಾಗಿದ ಗಳಿಗೆಯನ್ನೂ ಪ್ರೀತಿಸಬೇಕು.