ಅಮೃತಬಳ್ಳಿಗೂ ಅಳತೆ ಬೇಕು

ಅಮೃತಬಳ್ಳಿಯ ಗುಣವನ್ನೂ ಅಪಾಯವನ್ನೂ ಒರೆಗೆ ಹಚ್ಚಿ ನೋಡಿದ ನಗರ ಮುಂಬಯಿ. ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಶರದಿನಿ ಡಹಾಣೂಕರ್ ಮತ್ತು ಸಂಗಡಿಗರು ಪಿತ್ತನಾಳ ಕಟ್ಟಿ ಕಾಮಾಲೆಯಾದ 30 ರೋಗಿಗಳ ಅಧ್ಯಯನವನ್ನು 1993ರಲ್ಲಿ ಪ್ರಕಟಿಸಿದರು. ಮಾಮೂಲಿ ಚಿಕಿತ್ಸೆಯಷ್ಟೇ ಪಡೆದವರಲ್ಲಿ ಅರ್ಧದಷ್ಟು ಮಂದಿಗೆ ರಕ್ತಕ್ಕೆ ನಂಜೇರಿತು. ಜೊತೆಗೆ ಬಳ್ಳಿಯ ಸಾರವನ್ನೂ ಕುಡಿದವರಲ್ಲಿ ಒಬ್ಬರಿಗೂ ಏರಲಿಲ್ಲ. ರೋಗಾಣುಗಳನ್ನು ನುಂಗುವ ಬಿಳಿ ರಕ್ತಕಣಗಳು ಚುರುಕಾಗಿದ್ದವು. ರೋಗಿಗಳ ಸಂಖ್ಯೆ ಚಿಕ್ಕದು, ಆದರೆ ಪ್ರಶ್ನೆ ಖಚಿತ, ಪ್ರಮಾಣ ನಿಗದಿತ.

ಬಳ್ಳಿಯ ಕಾಂಡದಲ್ಲಿ ಬರ್ಬೆರಿನ್, ಪಾಲ್ಮಟಿನ್, ಮ್ಯಾಗ್ನೋಫ್ಲೋರಿನ್‌ನಂಥ ಆಲ್ಕಲಾಯ್ಡ್‌ಗಳಿವೆ, ಕಹಿಯಾದ ಡೈಟರ್ಪೀನ್‌ಗಳಿವೆ. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅದರಿಂದ ಅರಾಬಿನೊಗ್ಯಾಲಕ್ಟನ್ ಎಂಬ ಬಹುಶರ್ಕರವನ್ನು ಬೇರ್ಪಡಿಸಿ, ಅದು ರೋಗನಿರೋಧಕ ಕಣಗಳನ್ನು ಪ್ರಚೋದಿಸುತ್ತದೆಂದು ತೋರಿಸಿದರು.

ಇದೇ ಪ್ರಚೋದನೆ ಕೆಲವರ ಮೈಗೆ ಒಗ್ಗದಿರಬಹುದು. ಕೋವಿಡ್ ಕಾಲದಲ್ಲಿ, 2020ರ ಅಕ್ಟೋಬರಿನಲ್ಲಿ, ಆಯುಷ್ ಸಚಿವಾಲಯದ ಚಿಕಿತ್ಸಾಕ್ರಮಕ್ಕೆ ಅಮೃತಬಳ್ಳಿಯ ಮಾತ್ರೆಯಾದ ಗುಡೂಚಿ ಘನವಟಿ ಸೇರಿತು. ಮನೆಮನೆಯಲ್ಲೂ ಕಷಾಯ ಕುದಿಯಿತು. 2021ರಲ್ಲಿ ಮುಂಬಯಿಯ ಯಕೃತ್ ತಜ್ಞೆ ಆಭಾ ನಾಗ್ರಾಲ್ ಮತ್ತು ಸಂಗಡಿಗರು, ಬಳ್ಳಿಯನ್ನು ಸೇವಿಸಿದ ಆರು ಮಂದಿಗೆ ಯಕೃತ್ತು ಊದಿಕೊಂಡದ್ದನ್ನು ವರದಿ ಮಾಡಿದರು. ದೇಹದ ರಕ್ಷಣಾ ವ್ಯವಸ್ಥೆಯೇ ಯಕೃತ್ತಿನ ಮೇಲೆ ಬಿದ್ದಂಥ ಲಕ್ಷಣಗಳು ಕಂಡಿದ್ದವು. 2022ರಲ್ಲಿ ಹಲವು ಆಸ್ಪತ್ರೆಗಳು ಸೇರಿ ಇಂಥ 43 ರೋಗಿಗಳ ವಿವರ ಪ್ರಕಟಿಸಿದವು.

ಸಚಿವಾಲಯ ಮುಂಬಯಿಯ ವರದಿಯನ್ನು ಆಕ್ಷೇಪಿಸಿತು: ರೋಗಿಗಳು ಸೇವಿಸಿದ್ದು ಅಮೃತಬಳ್ಳಿಯೇ ಎಂದು ಖಾತ್ರಿಪಡಿಸಿಕೊಂಡಿಲ್ಲ, ಅದರ ಸೋದರ ಜಾತಿಯಾದ ಟಿನೊಸ್ಪೊರಾ ಕ್ರಿಸ್ಪಾ ಆಗಿರಬಹುದು. ಗಿಡದ ಗುರುತು ಮುಖ್ಯ ಎಂಬ ಮಾತು ಸರಿ. ಆದರೆ ಅದನ್ನು ಒಪ್ಪಿದರೆ ಎಚ್ಚರಿಕೆಯ ಹೊಣೆ ಇನ್ನೂ ಹೆಚ್ಚುತ್ತದೆ. ವೈದ್ಯರಿಗೇ ಗುರುತಿಸಲಾಗದ ಪುಡಿಯನ್ನು ಕೊಳ್ಳುವವರು ಹೇಗೆ ಗುರುತಿಸಬೇಕು?

ಕೆಇಎಂನಲ್ಲಿ ಗೆದ್ದದ್ದು ಅಳೆದು ಕೊಟ್ಟು, ರಕ್ತ ಪರೀಕ್ಷಿಸಿ ನೋಡಿದ ಔಷಧ. ನಾವು ಅದರ ಕೀರ್ತಿಯನ್ನಷ್ಟೇ ಅಡುಗೆಮನೆಗೆ ತಂದು ಅಳತೆಯನ್ನು ಆಸ್ಪತ್ರೆಯಲ್ಲೇ ಬಿಟ್ಟೆವು. ರೋಗನಿರೋಧಕ ಶಕ್ತಿ ಎಷ್ಟು ಹೆಚ್ಚಿದರೂ ಒಳ್ಳೆಯದೇ ಎಂಬ ನಂಬಿಕೆಯೇ ಈ ರೂಢಿಯ ದೊಡ್ಡ ದೋಷ. ಯಕೃತ್ತಿನ ಕಾಯಿಲೆ, ಥೈರಾಯ್ಡ್ ಗ್ರಂಥಿಯ ಸ್ವಯಂನಿರೋಧಕ ತೊಂದರೆ ಅಥವಾ ಸಂಧಿವಾತ ಇರುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಮಾರುವ ಪ್ರತಿ ಪೊಟ್ಟಣದ ಮೇಲೂ ಈ ಎಚ್ಚರಿಕೆ ಅಚ್ಚಾಗಬೇಕು. ಅಮೃತಬಳ್ಳಿ ಔಷಧವೆಂದು ಒಪ್ಪಿದ ಮೇಲೆ ಔಷಧದ ಶಿಸ್ತಿಗೂ ಅದು ಒಳಪಡಲೇಬೇಕು.